ವಿಶ್ವವಿದ್ಯಾಲಯದ ಸ್ಟೇಡಿಯಂಗೆ ಖಾಸಗಿ ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವಿಶ್ವವಿದ್ಯಾಲಯವೊಂದು ತನ್ನ ಫುಟ್‌ಬಾಲ್ ಸ್ಟೇಡಿಯಂ ಹೊಸದು ಮಾಡುತ್ತೇವೆ ಎಂದಾಗ, ಅದರ ಹಿಂದೆಯೇ ಒಂದು ಮಾತು ಬರುತ್ತದೆ: ಖರ್ಚೆಲ್ಲ ಖಾಸಗಿ ಹಣದಿಂದ, ಬೇರೆ ಯಾರ ಮೇಲೂ ಹೊರೆ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಮಕ್ಕಳು ಕಾಲೇಜಿಗೆ ಹೋಗುವ ಹೊತ್ತಿಗೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಫೀಸು ಕಟ್ಟುವವರು ನಾವು. ಡಿಗ್ರಿ ಮುಗಿದ ಮೇಲೆ ದೇಣಿಗೆ ಕೇಳಿ ಫೋನ್ ಬರುವುದು ನಮ್ಮ ಮಕ್ಕಳಿಗೆ. ಹಾಗಾಗಿ ಪರಿಚಯದವರು ಆಗಾಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಉದಾಹರಣೆ ಜಾಸ್ತಿ ಬರುತ್ತದೆ. ಹತ್ತಿರದ ಊರು ಅನ್ನುವುದು ಒಂದು ಕಾರಣ. "ಖಾಸಗಿ ಹಣ" ಅನ್ನುವ ಮಾತು ಎಲ್ಲಿ ಕೈಕೊಡುತ್ತದೆ ಎನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ ಅನ್ನುವುದು ಇನ್ನೊಂದು.

ಕಾಲೇಜು ಸ್ಟೇಡಿಯಂಗೆ ಇಷ್ಟೊಂದು ದುಡ್ಡು ಯಾಕೆ ಬೇಕು?

ಗಾತ್ರ ನೋಡಿದರೆ ಅರ್ಥವಾಗುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಟೆಕ್ಸಸ್ ಎ ಅಂಡ್ ಎಂನ ಕೈಲ್ ಫೀಲ್ಡ್‌ನಲ್ಲಿ 1,02,733 ಜನ. ಇವು ವಿದ್ಯಾರ್ಥಿಗಳು ಸಂಜೆ ಆಡುವ ಮೈದಾನಗಳಲ್ಲ. ಟಿವಿ ಹಣ, ಟಿಕೆಟ್, ಪಾರ್ಕಿಂಗ್, ಜಾಹೀರಾತು ಎಲ್ಲ ಸೇರಿ ನಡೆಯುವ ದೊಡ್ಡ ವ್ಯವಹಾರದ ಕೇಂದ್ರಗಳು.

ಇಂಥವುಗಳಲ್ಲಿ ಹಲವು 1920ರ ದಶಕದಲ್ಲಿ ಕಟ್ಟಿದವು. ಕಾಂಕ್ರೀಟು ಹಳೆಯದಾಗಿದೆ, ಶೌಚಾಲಯ ಸಾಲದು, ಗಾಲಿಕುರ್ಚಿಯಲ್ಲಿ ಬರುವವರಿಗೆ ಜಾಗವಿಲ್ಲ. ಮಿಶಿಗನ್‌ನಲ್ಲಿ ಈ ಕೊನೆಯ ವಿಷಯಕ್ಕೆ ಅಂಗವಿಕಲ ಮಾಜಿ ಸೈನಿಕರ ಸಂಘಟನೆಯೊಂದು ಕೋರ್ಟಿಗೆ ಹೋಯಿತು. 2008ರಲ್ಲಿ ರಾಜಿಯಾಗಿ, ಗಾಲಿಕುರ್ಚಿ ಜಾಗಗಳನ್ನು ಹೆಚ್ಚಿಸಲು ವಿಶ್ವವಿದ್ಯಾಲಯ ಒಪ್ಪಿತು. ಇಂಥ ಕೆಲಸ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಬರೀ ರಿಪೇರಿ ಮಾಡಿ ಸುಮ್ಮನಾಗುವವರು ಕಡಿಮೆ. ಗಾಜಿನ ಗೋಡೆಯ ಖಾಸಗಿ ಕೋಣೆಗಳು ಅಂದರೆ ಸೂಟ್‌ಗಳು, ಕ್ಲಬ್ ಸೀಟುಗಳು, ದೊಡ್ಡ ಪರದೆ, ಆಟಗಾರರಿಗೆ ಜಿಮ್ ಎಲ್ಲವೂ ಅದರ ಜೊತೆ ಸೇರಿಕೊಳ್ಳುತ್ತವೆ. ಮಿಶಿಗನ್ 2010ರಲ್ಲಿ ಮುಗಿಸಿದ 22.6 ಕೋಟಿ ಡಾಲರ್‌ನ ಕೆಲಸದಲ್ಲಿ ಎಂಬತ್ತಕ್ಕೂ ಹೆಚ್ಚು ಸೂಟ್‌ಗಳು ಬಂದವು. ಅವುಗಳ ಬಾಡಿಗೆಯಿಂದಲೇ ಸಾಲ ತೀರಿಸಬೇಕು ಅನ್ನುವುದು ಲೆಕ್ಕ. ಅಲ್ಲಿ ಆ ಲೆಕ್ಕ ಕೂಡಿಬಂತು, ಯಾಕೆಂದರೆ ತಂಡ ಸೋತ ವರ್ಷವೂ ಅಲ್ಲಿ ಸ್ಟೇಡಿಯಂ ತುಂಬುತ್ತದೆ.

"ಖಾಸಗಿ ಹಣ" ಅಂದರೆ ಯಾರೋ ಚೆಕ್ ಬರೆದು ಕೊಟ್ಟಿದ್ದಾರೆ ಅಂತಲೇ ಅರ್ಥ ಅಲ್ವಾ?

ಅಷ್ಟೇ ಆಗಿದ್ದರೆ ಈ ಪುಟ ಬೇಕಿರಲಿಲ್ಲ. ಆ ಎರಡು ಪದಗಳ ಕೆಳಗೆ ಬೇರೆ ಬೇರೆ ಜಾತಿಯ ಹಣವನ್ನು ಒಟ್ಟಿಗೆ ಸೇರಿಸುತ್ತಾರೆ.

ಬ್ಯಾಂಕಿಗೆ ಬಂದು ಬಿದ್ದ ದೇಣಿಗೆ ಒಂದು ತರಹ. ಮುಂದಿನ ಐದೋ ಹತ್ತೋ ವರ್ಷದಲ್ಲಿ ಕೊಡುತ್ತೇನೆ ಎಂದು ದಾನಿ ಬರೆದುಕೊಟ್ಟದ್ದು, ಅಂದರೆ ಪ್ಲೆಡ್ಜ್, ಇನ್ನೊಂದು ತರಹ. ಸೂಟ್ ಬಾಡಿಗೆ, ಸೀಟಿನ ಹಕ್ಕು, ಸ್ಟೇಡಿಯಂ ಹೆಸರಿನ ಒಪ್ಪಂದಗಳಿಂದ ಮುಂದೆ ಬರಬಹುದು ಎಂದು ಅಂದಾಜು ಮಾಡಿದ ಹಣ ಮೂರನೆಯದು. ಈ ಮೂರನೆಯದನ್ನೂ "ಖಾಸಗಿ" ಎಂದೇ ಕರೆಯುತ್ತಾರೆ, ಯಾಕೆಂದರೆ ಅದು ಸರ್ಕಾರದಿಂದ ಬರುವುದಿಲ್ಲ.

ಕಟ್ಟಡದ ಗುತ್ತಿಗೆದಾರ ಮಾತ್ರ ಅಲ್ಲಿಯ ತನಕ ಕಾಯುವುದಿಲ್ಲ. ಅವನಿಗೆ ಪ್ರತಿ ತಿಂಗಳು ದುಡ್ಡು ಕೊಡಬೇಕು. ಅದಕ್ಕೆ ವಿಶ್ವವಿದ್ಯಾಲಯ ಬಾಂಡ್ ಹೊರಡಿಸಿ ಸಾಲ ಎತ್ತುತ್ತದೆ. ಮುಯ್ಯಿ ಬರುತ್ತದೆ ಎಂದು ನಂಬಿ ಸಾಲ ಮಾಡಿ ದೊಡ್ಡ ಛತ್ರ ಹಿಡಿದ ಹಾಗೆ. ಮುಯ್ಯಿ ಕಡಿಮೆ ಬಂದರೂ ಛತ್ರದ ಬಿಲ್ಲು ಕಡಿಮೆಯಾಗುವುದಿಲ್ಲ. ಬಾಂಡ್ ಪತ್ರಕ್ಕೆ ಸಹಿ ಹಾಕಿದವರು ಯಾರು, ಅಂದಾಜು ತಪ್ಪಿದರೆ ಕಟ್ಟುವವರು ಯಾರು ಎನ್ನುವುದೇ ಇಲ್ಲಿ ಮುಖ್ಯ ಪ್ರಶ್ನೆ. ನನ್ನ ಪ್ರಕಾರ ಉಳಿದ ಪ್ರಶ್ನೆಗಳೆಲ್ಲ ಇದಕ್ಕೇ ಬಂದು ಸೇರುತ್ತವೆ.

ಬರ್ಕ್ಲಿಯಲ್ಲಿ ಏನಾಯ್ತು?

ಬರ್ಕ್ಲಿಯ ಮೆಮೋರಿಯಲ್ ಸ್ಟೇಡಿಯಂ 1923ರಲ್ಲಿ ಶುರುವಾಯಿತು. ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ ಕ್ಯಾಲಿಫೋರ್ನಿಯಾದವರ ನೆನಪಿಗೆ, ಜನರಿಂದ ವಂತಿಗೆ ಎತ್ತಿ ಕಟ್ಟಿದ್ದು. ಸ್ಟ್ರಾಬೆರಿ ಕ್ಯಾನ್ಯನ್ ಬಾಯಲ್ಲಿ, ಬೆಟ್ಟಕ್ಕೆ ಒರಗಿಕೊಂಡ ಜಾಗ. ಮೇಲಿನ ಸಾಲಿನಲ್ಲಿ ಕೂತರೆ ಇಡೀ ಕೊಲ್ಲಿ ಕಾಣುತ್ತದೆ. ಅಷ್ಟು ಚಂದದ ಸ್ಟೇಡಿಯಂ ಅಮೆರಿಕದಲ್ಲಿ ಹೆಚ್ಚಿಲ್ಲ.

ಆದರೆ ಹೇವರ್ಡ್ ಭೂಬಿರುಕು ಸರಿಯಾಗಿ ಮೈದಾನದ ಕೆಳಗೇ, ಹೆಚ್ಚುಕಡಿಮೆ ಒಂದು ಗೋಲ್‌ಪೋಸ್ಟಿನಿಂದ ಇನ್ನೊಂದಕ್ಕೆ ಹಾದುಹೋಗುತ್ತದೆ. ಆ ಬಿರುಕು ದೊಡ್ಡದಾಗಿ ಅಲುಗಿದ್ದು 1868ರಲ್ಲಿ. ಆಮೇಲೂ ಅದು ಸುಮ್ಮನೆ ಕೂತಿಲ್ಲ, ವರ್ಷಕ್ಕೆ ಸುಮಾರು ಐದು ಮಿಲಿಮೀಟರ್‌ನಷ್ಟು ತೆವಳುತ್ತಲೇ ಇದೆ. ನವೀಕರಣಕ್ಕೆ ಮುಂಚೆ ಹೊರಗೋಡೆಯ ಕೆಕೆ ವಿಭಾಗದ ಬಳಿ ನಿಂತರೆ, ಒಂದೇ ಸಮನಾಗಿ ಕಟ್ಟಿದ ಗೋಡೆ ಅಲ್ಲಿ ಎರಡಾಗಿ ಸೀಳಿ, ಒಂದು ಕಡೆ ಮುಂದೆ ಜರುಗಿದ್ದು ಕಣ್ಣಿಗೇ ಕಾಣುತ್ತಿತ್ತು. ಭೂವಿಜ್ಞಾನದ ಮೇಷ್ಟ್ರುಗಳು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಅರುವತ್ತು ಸಾವಿರಕ್ಕೂ ಜಾಸ್ತಿ ಜನ ಕೂರುವ ಜಾಗ ಅದು. ಹಾಗೇ ಬಿಡುವಂತಿರಲಿಲ್ಲ.

2011ರ ಸೀಸನ್ನಿನಲ್ಲಿ ಕ್ಯಾಲ್ ಎಂದು ಕರೆಯುವ ಬರ್ಕ್ಲಿಯ ತಂಡ ತವರಿನ ಪಂದ್ಯಗಳನ್ನು ಸ್ಯಾನ್ ಫ್ರಾನ್ಸಿಸ್ಕೋದ ಬೇಸ್‌ಬಾಲ್ ಮೈದಾನದಲ್ಲಿ ಆಡಿತು. ಇಲ್ಲಿ ಹಳೆಯ ಹೊರಗೋಡೆ ಉಳಿಸಿಕೊಂಡು ಒಳಗೆಲ್ಲ ಹೊಸದಾಗಿ ಕಟ್ಟಿದರು. ಬಿರುಕಿನ ಮೇಲೆ ಕೂತ ಎರಡು ಭಾಗಗಳನ್ನು ಉಳಿದ ಸ್ಟೇಡಿಯಂನಿಂದ ಪೂರ್ತಿ ಬೇರ್ಪಡಿಸಿ, ಕೆಳಗೆ ಮರಳು ಮತ್ತು ಪ್ಲಾಸ್ಟಿಕ್ ಹಾಳೆ ಹಾಸಿದರು. ಭೂಮಿ ಆರು ಅಡಿಯಷ್ಟು ಜರುಗಿದರೂ ಆ ಭಾಗಗಳು ತಮ್ಮ ಪಾಡಿಗೆ ಜಾರಬೇಕು, ಪಕ್ಕದ ಭಾಗಗಳನ್ನು ಎಳೆದು ಬೀಳಿಸಬಾರದು ಅನ್ನುವುದು ಯೋಚನೆ. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಹೆಮ್ಮೆ ಪಡುವ ಕೆಲಸ. ಸ್ಟೇಡಿಯಂಗೆ ಸುಮಾರು 32 ಕೋಟಿ ಡಾಲರ್ ಆಯಿತು. ಪಕ್ಕದಲ್ಲಿ ಕಟ್ಟಿದ ಆಟಗಾರರ ತರಬೇತಿ ಕೇಂದ್ರವನ್ನೂ ಸೇರಿಸಿದರೆ ಒಟ್ಟು 47 ಕೋಟಿ ದಾಟಿತು. ಅದರಲ್ಲಿ 44 ಕೋಟಿಗೂ ಮಿಕ್ಕಿದ್ದು ಸಾಲ. ಸ್ಟೇಡಿಯಂ ಮತ್ತೆ ಬಾಗಿಲು ತೆರೆದದ್ದು 2012ರ ಸೆಪ್ಟೆಂಬರ್ 1ರಂದು.

ಸಾಲ ತೀರಿಸೋಕೆ ಏನು ಪ್ಲಾನ್ ಇತ್ತು?

ಸೀಟು ಮಾರುವುದು. ನಡು ಮೈದಾನಕ್ಕೆ ಎದುರಿರುವ ಸುಮಾರು 3,000 ಒಳ್ಳೆಯ ಸೀಟುಗಳ ಹಕ್ಕನ್ನು ನಲವತ್ತು, ಐವತ್ತು ವರ್ಷಕ್ಕೆ ಮಾರುವ ಯೋಜನೆ ಅದು. ಒಂದು ಸೀಟಿಗೆ 40,000 ಡಾಲರ್‌ನಿಂದ ಶುರುವಾಗಿ 2,25,000 ಡಾಲರ್ ತನಕ ಬೆಲೆ. ದುಬಾರಿ ಸೀಟು ಕೊಂಡವರಿಗೆ ಅಗಲವಾದ ಕುರ್ಚಿ, ಮೇಲುಗಡೆ ಕ್ಲಬ್ಬಿನೊಳಗೆ ಪ್ರವೇಶ, ಅಲ್ಲಿಂದ ಕೊಲ್ಲಿಯ ನೋಟ. ಹೀಗೆ ಬಂದ ಹಣವನ್ನು ಕೂಡಿಟ್ಟು ಅದರ ಬಡ್ಡಿಯಲ್ಲಿ ಸಾಲ ತೀರಿಸಬೇಕು, ಸಾಲ ತೀರಿದ ಮೇಲೂ ಉಳಿದ ಗಂಟು ಕ್ರೀಡಾ ವಿಭಾಗವನ್ನು ಕಾಯಬೇಕು ಅಂತ ಲೆಕ್ಕ ಹಾಕಿದ್ದರು. ಗುರಿ ಸುಮಾರು 27 ಕೋಟಿ ಡಾಲರ್.

ಕಾಗದದ ಮೇಲೆ ಇದು ಜಾಣ ಯೋಜನೆ. ಸರ್ಕಾರವನ್ನು ಕೇಳಬೇಕಾಗಿಲ್ಲ. ಯಾರಿಗೆ ಆಟ ನೋಡುವ ಆಸೆ ಇದೆಯೋ ಅವರೇ ಕೊಡುತ್ತಾರೆ.

ಮತ್ತೆ ಯಾಕೆ ಕೈಕೊಟ್ಟಿತು?

ಹಲವು ಕಾರಣಗಳು ಒಟ್ಟಿಗೆ ಬಂದವು. ಮೊದಲನೆಯದು ಕಾಲ. 2008ರ ಆರ್ಥಿಕ ಕುಸಿತದ ಹಿಂದೆಯೇ ಮಾರಾಟ ನಡೆಯಿತು. ಮನೆಯ ಬೆಲೆ ಬಿದ್ದು, ನಿವೃತ್ತಿಗೆ ಕೂಡಿಟ್ಟ ಹಣ ಕರಗಿ ಕೂತಿದ್ದವರು ಸೀಟಿಗೆ ಲಕ್ಷ ಡಾಲರ್ ಎಲ್ಲಿಂದ ತರುತ್ತಾರೆ?

ಎರಡನೆಯದು ಕಂತಿನ ಏರ್ಪಾಡು. ಒಂದೇ ಸಲ ಕೊಡಲಾಗದವರು ವರ್ಷ ವರ್ಷ ಕಟ್ಟಬಹುದಿತ್ತು. ಮಧ್ಯದಲ್ಲಿ ಬೇಡ ಅನ್ನಿಸಿದರೆ ನಿಲ್ಲಿಸಬಹುದಿತ್ತು. ಆಗ ಸೀಟು ಹೋಗುತ್ತಿತ್ತು, ಅಷ್ಟೇ. ಹಾಗಾಗಿ "ಇಷ್ಟು ಕೋಟಿಯ ಸೀಟು ಮಾರಾಟವಾಗಿದೆ" ಅನ್ನುವ ಅಂಕಿಗೂ ಕೈಗೆ ಬಂದ ನಗದಿಗೂ ದೊಡ್ಡ ಅಂತರ ಉಳಿಯಿತು. ಮಾರಾಟ ಶುರುವಾಗಿ ಮೂರು ವರ್ಷವಾದ ಮೇಲೆ, 2011ರ ಕೊನೆಗೆ, ನಿಜಕ್ಕೂ ಬಂದಿದ್ದ ಹಣ 3 ಕೋಟಿ ಡಾಲರ್ ಆಸುಪಾಸು ಎಂದು ಪತ್ರಿಕೆಗಳಲ್ಲಿ ವರದಿಯಾಯಿತು. ಗುರಿ 27 ಕೋಟಿ ಎನ್ನುವುದನ್ನು ಮರೆಯಬೇಡಿ.

ಮೂರನೆಯದು ಆಟ. ಹೊಸ ಸ್ಟೇಡಿಯಂನ ಮೊದಲ ಸೀಸನ್ನಿನಲ್ಲಿ ಕ್ಯಾಲ್ ಮೂರು ಪಂದ್ಯ ಗೆದ್ದು ಒಂಬತ್ತು ಸೋತಿತು. ಮರುವರ್ಷ, 2013ರಲ್ಲಿ, ಒಂದು ಗೆದ್ದು ಹನ್ನೊಂದು ಸೋತಿತು. ದಶಕಗಳ ಸಾಲದ ಲೆಕ್ಕ ಇಪ್ಪತ್ತು ವರ್ಷದ ಹುಡುಗರ ಗೆಲುವಿನ ಮೇಲೆ ನಿಂತಿತ್ತು. ಆ ಹುಡುಗರ ಮೇಲೆ ಅಷ್ಟು ಭಾರ ಹಾಕಿದ್ದೇ ನನಗೆ ಬೇಸರದ ಸಂಗತಿ.

ಈಗ ಆ ಸಾಲ ಯಾರು ತೀರಿಸ್ತಿದ್ದಾರೆ? ನನ್ನ ಮಗಳ ಫೀಸಿನಿಂದ ಹೋಗುತ್ತಾ?

ಬರ್ಕ್ಲಿಯ ಫೀಸು ಬಿಲ್ಲಿನಲ್ಲಿ ಸ್ಟೇಡಿಯಂ ಅನ್ನುವ ಬಾಬ್ತು ಇಲ್ಲ. ಆ ಮಟ್ಟಿಗೆ ನಿಶ್ಚಿಂತೆಯಿಂದಿರಿ.

ಆದರೆ ಬಾಂಡ್ ಹೊರಡಿಸಿದ್ದು ದಾನಿಗಳಲ್ಲ, ಫುಟ್‌ಬಾಲ್ ತಂಡವೂ ಅಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ರೀಜೆಂಟ್ಸ್. ಸೀಟು ಮಾರಾಟವಾಗಲಿ ಬಿಡಲಿ, ಬಾಂಡ್ ಕೊಂಡವರಿಗೆ ಬಡ್ಡಿ ಹೋಗಲೇಬೇಕು. ಮೊದಲ ಇಪ್ಪತ್ತು ವರ್ಷ, ಅಂದರೆ 2032ರ ಸುಮಾರಿನ ತನಕ, ಬಹುಪಾಲು ಬಡ್ಡಿ ಮಾತ್ರ ಕಟ್ಟುವ ಹಾಗೆ ಸಾಲ ಜೋಡಿಸಿದ್ದಾರೆ. ಆ ಬಡ್ಡಿಯೇ ಪ್ರತಿ ವರ್ಷ ಸುಮಾರು 1.8 ಕೋಟಿ ಡಾಲರ್. ಅಸಲು ಶುರುವಾಗುವುದು ಆಮೇಲೆ. ಸಾಲದ ಒಂದು ಪಾಲು ನೂರು ವರ್ಷದ್ದು, ತೀರುವುದು 2112ರ ಹೊತ್ತಿಗೆ. ಇವತ್ತು ಬರ್ಕ್ಲಿಯಲ್ಲಿ ಓದುತ್ತಿರುವ ಮಕ್ಕಳ ಮೊಮ್ಮಕ್ಕಳು ಕಾಲೇಜು ಮುಗಿಸಿದ ಮೇಲೂ ಅದು ಇರುತ್ತದೆ.

ಕ್ರೀಡಾ ವಿಭಾಗಕ್ಕೆ ಈ ಬಡ್ಡಿ ಹೊರಲಾಗಲಿಲ್ಲ. ವರ್ಷಕ್ಕೆ 2 ಕೋಟಿ ಡಾಲರ್ ದಾಟುವ ಕೊರತೆ ಬಿತ್ತು. ಕೊನೆಗೆ 2018ರಲ್ಲಿ, ಆಗಿನ ಚಾನ್ಸಲರ್ ಕ್ಯಾರಲ್ ಕ್ರಿಸ್ಟ್ ಅವರ ಕಾಲದಲ್ಲಿ, ಭೂಕಂಪ ಸುರಕ್ಷತೆಗೆ ಖರ್ಚಾದ ಭಾಗದ ಸಾಲವನ್ನು ಕ್ಯಾಂಪಸ್ಸೇ ವಹಿಸಿಕೊಂಡಿತು. ಅದು ಒಟ್ಟು ಸಾಲದ ಅರ್ಧಕ್ಕೂ ಜಾಸ್ತಿ.

ಅವರ ವಾದದಲ್ಲಿ ನ್ಯಾಯವಿದೆ. ಯಾವುದೇ ಕಟ್ಟಡವಾದರೂ ಭೂಕಂಪಕ್ಕೆ ಭದ್ರಪಡಿಸುವುದು ಕ್ಯಾಂಪಸ್ಸಿನ ಹೊಣೆ, ಫುಟ್‌ಬಾಲ್ ವಿಭಾಗದ್ದಲ್ಲ. ನಾನೂ ಅದನ್ನು ಒಪ್ಪುತ್ತೇನೆ. ಆದರೆ ಆ ಮಾತನ್ನು ಕಟ್ಟುವ ಮುಂಚೆಯೇ ಹೇಳಬೇಕಿತ್ತು. ಭದ್ರತೆಗೆ ಇಷ್ಟು, ಅದು ಎಲ್ಲರ ಹಣ. ಕ್ಲಬ್ಬು, ಮೆತ್ತನೆಯ ಕುರ್ಚಿಗಳಿಗೆ ಇಷ್ಟು, ಅದು ಬೇಕೆನ್ನುವವರ ಹಣ ಎಂದು ಎರಡು ಪಟ್ಟಿ ಮೊದಲೇ ಮಾಡಿದ್ದರೆ, ಜನ ಕಣ್ಣು ಬಿಟ್ಟುಕೊಂಡು ತೀರ್ಮಾನ ಮಾಡಬಹುದಿತ್ತು.

ಸ್ಟ್ಯಾನ್‌ಫರ್ಡ್‌ನಲ್ಲೂ ಹೊಸ ಸ್ಟೇಡಿಯಂ ಇದೆಯಲ್ಲ, ಅಲ್ಲಿ ಈ ತಾಪತ್ರಯ ಯಾಕೆ ಇಲ್ಲ?

ಅವರು ದಾರಿಯನ್ನೇ ಬೇರೆ ಹಿಡಿದರು. 2005ರ ನವೆಂಬರ್ 26ರಂದು ನೋಟರ್ ಡೇಮ್ ವಿರುದ್ಧ ಸೀಸನ್ನಿನ ಕೊನೆಯ ಪಂದ್ಯ. ಪಂದ್ಯ ಮುಗಿದ ಕೆಲವೇ ಗಂಟೆಗಳಲ್ಲಿ ಬುಲ್‌ಡೋಜರ್ ಒಳಗೆ ಬಂತು. ಮರುವರ್ಷ ಸೆಪ್ಟೆಂಬರ್ 16ಕ್ಕೆ ಹೊಸ ಸ್ಟೇಡಿಯಂನಲ್ಲಿ ಆಟ. ಒಂದು ಸೀಸನ್ನೂ ಬೇರೆ ಕಡೆ ಹೋಗಿ ಆಡಬೇಕಾಗಲಿಲ್ಲ. ಖರ್ಚು 10 ಕೋಟಿ ಡಾಲರ್ ಆಸುಪಾಸು.

ಅಲ್ಲಿಯ ಹಳೆ ವಿದ್ಯಾರ್ಥಿ ಜಾನ್ ಅರಿಯಾಗಾ ಇದಕ್ಕೆ ಮುಖ್ಯ ಕಾರಣ. ಬ್ಯಾಸ್ಕೆಟ್‌ಬಾಲ್ ಆಟಗಾರನಾಗಿ ಸ್ಟ್ಯಾನ್‌ಫರ್ಡ್‌ಗೆ ಬಂದು, ಮುಂದೆ ಸಿಲಿಕಾನ್ ಕಣಿವೆಯಲ್ಲಿ ಕಚೇರಿ ಕಟ್ಟಡಗಳನ್ನು ಕಟ್ಟಿ ಶ್ರೀಮಂತರಾದವರು. ದುಡ್ಡು ಕೊಟ್ಟದ್ದಲ್ಲದೆ ತಾವೇ ನಿಂತು ಕೆಲಸ ಮಾಡಿಸಿದರು.

ಅವರು ಮಾಡಿದ ಇನ್ನೊಂದು ಕೆಲಸ ನನಗೆ ಅದಕ್ಕಿಂತ ಮುಖ್ಯ ಅನ್ನಿಸುತ್ತದೆ. 85,500 ಸೀಟಿದ್ದ ಸ್ಟೇಡಿಯಂ ಅನ್ನು ಸುಮಾರು 50,000ಕ್ಕೆ ಇಳಿಸಿದರು. ಎಷ್ಟು ಜನ ನಿಜಕ್ಕೂ ಬರುತ್ತಾರೋ ಅಷ್ಟಕ್ಕೇ ಕಟ್ಟಿದರು. ಸ್ಟ್ಯಾನ್‌ಫರ್ಡ್ ಖಾಸಗಿ ಸಂಸ್ಥೆ, ಅದರ ಮೈದಾನದ ಕೆಳಗೆ ಹೇವರ್ಡ್ ಬಿರುಕೂ ಇಲ್ಲ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಬರ್ಕ್ಲಿಗೆ ಅನ್ಯಾಯ. ಆದರೂ ದುಡ್ಡು ಕೈಲಿಟ್ಟುಕೊಂಡು ಕಟ್ಟುವುದಕ್ಕೂ, ಬರುತ್ತದೆ ಎಂದು ಕಟ್ಟುವುದಕ್ಕೂ ಇರುವ ವ್ಯತ್ಯಾಸ ಕೊಲ್ಲಿಯ ಎರಡು ದಡಗಳಲ್ಲಿ ಕಾಣುತ್ತದೆ.

ಹಾಗಾದರೆ ಒಬ್ಬ ದೊಡ್ಡ ದಾನಿ ಸಿಕ್ಕಿದರೆ ಸಾಕು, ಅಲ್ವಾ?

ದಾನಿಯ ಹಣ ಎಲ್ಲಿ ಕೂತಿದೆ ಎಂದೂ ನೋಡಬೇಕು. ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ತೈಲ ಉದ್ಯಮಿ ಬೂನ್ ಪಿಕನ್ಸ್ 2005ರ ಕೊನೆಯಲ್ಲಿ 16.5 ಕೋಟಿ ಡಾಲರ್ ಕೊಟ್ಟರು. ಕಾಲೇಜು ಕ್ರೀಡೆಗೆ ಅಲ್ಲಿಯ ತನಕ ಯಾರೂ ಒಂದೇ ಸಲ ಅಷ್ಟು ಕೊಟ್ಟಿರಲಿಲ್ಲ. ಆ ಹಣ ವಿಶ್ವವಿದ್ಯಾಲಯದ ಸಂಸ್ಥೆಯ ಖಾತೆಗೆ ಬಂದು, ಒಂದು ಗಂಟೆಯೊಳಗೆ ಹೊರಟು, ಪಿಕನ್ಸ್ ಅವರೇ ನಡೆಸುತ್ತಿದ್ದ ಹೂಡಿಕೆ ನಿಧಿಗೆ ವಾಪಸ್ ಹೋಯಿತು. ಮೊದಮೊದಲು ಅದು ಚೆನ್ನಾಗಿ ಬೆಳೆಯಿತು. 2008ರಲ್ಲಿ ಮಾರುಕಟ್ಟೆ ಬಿದ್ದಾಗ ಅದೂ ಕರಗಿತು. ಸ್ಟೇಡಿಯಂ ಮುಗಿಯಿತು, ಅವರ ಹೆಸರಲ್ಲೇ ಇದೆ. ಪಕ್ಕದಲ್ಲಿ ಆಗಬೇಕಿದ್ದ ಕ್ರೀಡಾ ಸಂಕೀರ್ಣದ ಕೆಲಸ ಮಾತ್ರ ನಿಂತು ಹೋಯಿತು.

ಅದೇ ವಿಶ್ವವಿದ್ಯಾಲಯ 2007ರಲ್ಲಿ ಇನ್ನೊಂದು ಉಪಾಯಕ್ಕೆ ಕೈ ಹಾಕಿತು. 27 ಹಿರಿಯ ಅಭಿಮಾನಿಗಳ ಹೆಸರಲ್ಲಿ ತಲಾ 1 ಕೋಟಿ ಡಾಲರ್‌ನ ಜೀವವಿಮೆ ಮಾಡಿಸಿತು. ಅವರು ತೀರಿಕೊಂಡಾಗ ಬರುವ ಹಣ ಕ್ರೀಡಾ ವಿಭಾಗಕ್ಕೆ. ಕೋಟಿಗಟ್ಟಲೆ ಪ್ರೀಮಿಯಂ ಕಟ್ಟಿ, ಲೆಕ್ಕ ಕೂಡಿಬಾರದೆ, 2009ರಲ್ಲಿ ಅದನ್ನು ಬಿಟ್ಟರು. ವಿಮಾ ಕಂಪನಿಯ ಮೇಲೆ ಹಾಕಿದ ಕೇಸೂ ಗೆಲ್ಲಲಿಲ್ಲ. ಊರಿನ ಹಿರಿಯರ ಸಾವಿನ ಮೇಲೆ ಆಟದ ಬಜೆಟ್ ನಿಲ್ಲಿಸುವ ಯೋಚನೆಗೆ ಅಷ್ಟು ಜನ ತಲೆಯಾಡಿಸಿದ್ದು ಹೇಗೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸ್ಟೇಡಿಯಂಗೆ ಕಂಪನಿ ಹೆಸರು ಇಡೋದ್ರಲ್ಲಿ ಏನು ತಪ್ಪು? ಸುಮ್ನೆ ಬರೋ ದುಡ್ಡಲ್ವಾ?

ತಪ್ಪೇನಿಲ್ಲ, ಆದರೆ ಸುಮ್ಮನೆ ಬರುವ ದುಡ್ಡೂ ಅಲ್ಲ. ಬರ್ಕ್ಲಿಯನ್ನೇ ನೋಡಿ. 2013ರಲ್ಲಿ ಮೈದಾನಕ್ಕೆ ಕಬಾಮ್ ಎಂಬ ಗೇಮಿಂಗ್ ಕಂಪನಿಯ ಹೆಸರು ಬಂತು. ಹದಿನೈದು ವರ್ಷಕ್ಕೆ 1.8 ಕೋಟಿ ಡಾಲರ್ ಒಪ್ಪಂದ. ಮೂರೇ ವರ್ಷದಲ್ಲಿ ಕಂಪನಿ ಬೇರೆಯವರ ಪಾಲಾಯಿತು, ಒಪ್ಪಂದ ಮುಗಿಯಿತು. 2021ರಲ್ಲಿ ಕ್ರಿಪ್ಟೋ ವಹಿವಾಟಿನ ಕಂಪನಿ ಎಫ್‌ಟಿಎಕ್ಸ್ ಬಂತು. ಹತ್ತು ವರ್ಷಕ್ಕೆ 1.75 ಕೋಟಿ ಡಾಲರ್, ಅದೂ ಕ್ರಿಪ್ಟೋ ಕರೆನ್ಸಿಯಲ್ಲಿ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ದಿವಾಳಿಯಾಯಿತು. ಮೈದಾನದ ಮೇಲೆ ಬರೆದ ಹೆಸರನ್ನು ಅಳಿಸಬೇಕಾಯಿತು. ಹತ್ತು ವರ್ಷದಲ್ಲಿ ಎರಡು ಸಲ "ದೀರ್ಘಾವಧಿ ಆದಾಯ" ಮಧ್ಯದಲ್ಲೇ ನಿಂತಿತು, ಅತ್ತ ಸಾಲ ಮಾತ್ರ 2112ರ ತನಕ.

ಲೂಯಿವಿಲ್‌ನಲ್ಲಿ ಬೇರೆ ತರಹ. ಅಲ್ಲಿಯ ಸ್ಟೇಡಿಯಂಗೆ ಪಾಪಾ ಜಾನ್ಸ್ ಪಿಜ್ಜಾದ ಹೆಸರಿತ್ತು. ಕಂಪನಿ ಕಟ್ಟಿದ ಜಾನ್ ಶ್ನಾಟರ್ ಜನಾಂಗ ನಿಂದನೆಯ ಪದ ಬಳಸಿದ್ದು 2018ರಲ್ಲಿ ಹೊರಗೆ ಬಂದಾಗ ವಿಶ್ವವಿದ್ಯಾಲಯ ಹೆಸರು ತೆಗೆಯಿತು. ಒಪ್ಪಂದದಿಂದ ಹೊರಬರಲು ವಿಶ್ವವಿದ್ಯಾಲಯದ ಕ್ರೀಡಾ ಸಂಸ್ಥೆಯೇ 95 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ಹೆಸರು ಹಾಕಲು ದುಡ್ಡು ಸಿಕ್ಕಿತ್ತು, ತೆಗೆಯಲು ದುಡ್ಡು ಹೋಯಿತು.

ಲಾಸ್ ಏಂಜಲಿಸ್‌ನ ಕೊಲಿಸಿಯಂ ಕೂಡ ಯುದ್ಧ ಸ್ಮಾರಕ. ಅದರ ನವೀಕರಣಕ್ಕೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಯುನೈಟೆಡ್ ಏರ್‌ಲೈನ್ಸ್ ಜೊತೆ ಒಪ್ಪಂದ ಮಾಡಿಕೊಂಡಾಗ ಮಾಜಿ ಸೈನಿಕರು ಬೇಸರಪಟ್ಟರು. ಕೊನೆಗೆ ಕಂಪನಿಯ ಹೆಸರು ಹುಲ್ಲುಹಾಸಿಗೆ ಮಾತ್ರ, ಕಟ್ಟಡಕ್ಕೆ ಹಳೆಯ ಹೆಸರೇ ಎಂದು ತೀರ್ಮಾನವಾಯಿತು. ನನಗೆ ಅದು ಮರ್ಯಾದೆಯ ಪರಿಹಾರ ಅನ್ನಿಸಿತು.

ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುತ್ತಾ?

ಸೀಟಿಗೆ ಗಂಟು ಹಾಕಿದ ದೇಣಿಗೆಗೆ ಈಗ ಸಿಗುವುದಿಲ್ಲ. 1988ರ ಕಾನೂನಿನ ಪ್ರಕಾರ, ಸೀಸನ್ ಟಿಕೆಟ್ ಕೊಳ್ಳುವ ಹಕ್ಕಿಗಾಗಿ 10,000 ಡಾಲರ್ ದೇಣಿಗೆ ಕೊಟ್ಟರೆ 8,000 ಡಾಲರ್ ಅನ್ನು ತೆರಿಗೆಯ ಆದಾಯದಿಂದ ಕಳೆಯಬಹುದಿತ್ತು. 2017ರ ತೆರಿಗೆ ಕಾನೂನು ಇದನ್ನು ತೆಗೆದುಹಾಕಿತು. 2018ರಿಂದ ಅಂಥ ದೇಣಿಗೆಗೆ ವಿನಾಯಿತಿ ಸೊನ್ನೆ. ಬದಲಿಗೆ ಏನನ್ನೂ ಪಡೆಯದೆ ಕೊಟ್ಟ ದೇಣಿಗೆಗೆ ಮಾಮೂಲಿ ನಿಯಮವೇ. ನಿಮ್ಮ ಮಗನಿಗೆ ಬಂದ ಪತ್ರದಲ್ಲಿ ಟಿಕೆಟ್ಟಿನ ಆದ್ಯತೆ, ಪಾರ್ಕಿಂಗ್ ಅಂತ ಏನಾದರೂ ಇದ್ದರೆ ರಸೀದಿಯನ್ನು ತೆರಿಗೆ ಸಲಹೆಗಾರರಿಗೆ ತೋರಿಸಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ವಿಶ್ವವಿದ್ಯಾಲಯದ ಬಾಂಡ್‌ಗಳಲ್ಲಿ ಹಲವಕ್ಕೆ ಬಡ್ಡಿಯ ಮೇಲೆ ಫೆಡರಲ್ ಆದಾಯ ತೆರಿಗೆ ಇರುವುದಿಲ್ಲ. ಅದರಿಂದ ಸಾಲ ಅಗ್ಗವಾಗುತ್ತದೆ. ಅಷ್ಟರ ಮಟ್ಟಿಗೆ ದೇಶದ ಖಜಾನೆಯೂ ಪಾಲು ಕೊಟ್ಟಂತೆ.

ವಿದ್ಯಾರ್ಥಿಗಳ ಫೀಸಿಗೆ ನೇರವಾಗಿ ಸೇರಿಸಿದ್ದು ಎಲ್ಲಾದರೂ ಇದೆಯಾ?

ಇದೆ. ಮಿನಸೋಟ ವಿಶ್ವವಿದ್ಯಾಲಯ 2009ರಲ್ಲಿ ತೆರೆದ 28.85 ಕೋಟಿ ಡಾಲರ್‌ನ ಸ್ಟೇಡಿಯಂಗೆ ಹೆಚ್ಚುಕಡಿಮೆ ಅರ್ಧ ರಾಜ್ಯ ಸರ್ಕಾರದ ಹಣ. ಟಿಸಿಎಫ್ ಬ್ಯಾಂಕ್ ಹೆಸರಿಗಾಗಿ 3.5 ಕೋಟಿ ಡಾಲರ್ ಕೊಟ್ಟಿತು. ವಿದ್ಯಾರ್ಥಿಗಳ ಮೇಲೆ ವರ್ಷಕ್ಕೆ 25 ಡಾಲರ್. ಚಿಕ್ಕ ಮೊತ್ತ, ಆದರೆ ಅದನ್ನು ಮುಚ್ಚಿಡಲಿಲ್ಲ, ಬಿಲ್ಲಿನಲ್ಲಿ ಕಾಣುತ್ತಿತ್ತು. ಎಲ್ಲವೂ ಖಾಸಗಿ ಅನ್ನುವ ಮಾತಿಗಿಂತ ನನಗೆ ಇದೇ ವಾಸಿ ಅನ್ನಿಸುತ್ತದೆ.

ಅದೇ ದುಡ್ಡನ್ನು ಲೈಬ್ರರಿಗೋ ಸ್ಕಾಲರ್‌ಶಿಪ್‌ಗೋ ಹಾಕಬಾರದಾ?

ದಾನಿ ಸ್ಟೇಡಿಯಂಗೆ ಎಂದು ಬರೆದುಕೊಟ್ಟ ಹಣವನ್ನು ಬೇರೆ ಕಡೆ ತಿರುಗಿಸಲು ಕಾನೂನು ಬಿಡುವುದಿಲ್ಲ. ಆದರೆ ಕೇಳುವ ಮುಂಚೆ ಮಾತಾಡಬಹುದು. ಇಲಿನಾಯ್ಸ್‌ನ ನಾರ್ತ್‌ವೆಸ್ಟರ್ನ್‌ಗೆ ಪ್ಯಾಟ್ ರಯನ್ ಕುಟುಂಬ 2021ರಲ್ಲಿ ಘೋಷಿಸಿದ 48 ಕೋಟಿ ಡಾಲರ್‌ನಲ್ಲಿ ಸ್ಟೇಡಿಯಂ ಜೊತೆಗೆ ಸಂಶೋಧನೆಗೂ ಪಾಲಿತ್ತು. ದಾನಿಯ ಜೊತೆ ಕೂತು ಇಂಥ ಹೊಂದಾಣಿಕೆ ಮಾಡುವುದು ಕುಲಪತಿಗಳ ಕೆಲಸ.

ಖಾಸಗಿ ದುಡ್ಡಲ್ಲಿ ಕಟ್ಟಿದರೆ ಊರಿನವರು ಯಾಕೆ ತಕರಾರು ಮಾಡ್ತಾರೆ?

ಗದ್ದಲ, ಟ್ರಾಫಿಕ್ಕು, ಮರಗಳು ಖಾಸಗಿಯಲ್ಲವಲ್ಲ. ನಾರ್ತ್‌ವೆಸ್ಟರ್ನ್ ಹೊಸ ಸ್ಟೇಡಿಯಂನ ಸೀಟುಗಳನ್ನು 47,000ದಿಂದ 35,000ಕ್ಕೆ ಇಳಿಸಿತು. ಆದರೆ ಅಲ್ಲಿ ಸಂಗೀತ ಕಛೇರಿಗಳನ್ನೂ ನಡೆಸುತ್ತೇವೆ ಎಂದಾಗ ಇವಾನ್‌ಸ್ಟನ್‌ನ ನೆರೆಹೊರೆಯವರು ಎದ್ದು ನಿಂತರು. 2023ರ ನವೆಂಬರ್‌ನಲ್ಲಿ ನಗರಸಭೆಯ ಮತ ಸಮಸಮವಾಗಿ, ಮೇಯರ್ ಮತದಿಂದ ಅದು ಪಾಸಾಯಿತು. ಬರ್ಕ್ಲಿಯಲ್ಲಿ ತರಬೇತಿ ಕೇಂದ್ರಕ್ಕಾಗಿ ಓಕ್ ಮರಗಳನ್ನು ಕಡಿಯಬಾರದೆಂದು ಪ್ರತಿಭಟನಾಕಾರರು 2006ರ ಡಿಸೆಂಬರ್‌ನಿಂದ 2008ರ ಸೆಪ್ಟೆಂಬರ್ ತನಕ ಮರಗಳ ಮೇಲೆಯೇ ವಾಸವಿದ್ದರು. ಕೋರ್ಟಿನಲ್ಲಿ ಅಷ್ಟು ದಿನ ಕೆಲಸ ನಿಂತಿತ್ತು. ಸೀಟು ಮಾರಾಟದ ಹೊತ್ತಿಗೆ ಆರ್ಥಿಕ ಕುಸಿತ ಎದುರಾಗಿದ್ದಕ್ಕೆ ಈ ವಿಳಂಬವೂ ಒಂದು ಕಾರಣ.

ಈಗ ಆಟಗಾರರಿಗೂ ದುಡ್ಡು ಕೊಡಬೇಕಂತಲ್ಲ, ಅದರಿಂದ ಏನಾಗುತ್ತೆ?

2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿ ಒಪ್ಪಂದದ ಪ್ರಕಾರ (ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಮೇಲೆ ಆಟಗಾರರು ಹಾಕಿದ ಹೌಸ್ ಎಂಬ ಕೇಸಿನದು), ವಿಶ್ವವಿದ್ಯಾಲಯಗಳು ಆಟಗಾರರ ಜೊತೆ ಆದಾಯ ಹಂಚಿಕೊಳ್ಳಬಹುದು. ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಮೈಮುರಿದು ಆಡುವ ಹುಡುಗರಿಗೆ ಪಾಲು ಸಿಗುವುದು ನ್ಯಾಯ. ಆದರೆ ಬರ್ಕ್ಲಿಯ ಸ್ಟೇಡಿಯಂ ಬಡ್ಡಿಯೂ ಹೆಚ್ಚುಕಡಿಮೆ ಅಷ್ಟೇ ಎನ್ನುವುದನ್ನು ಗಮನಿಸಿ. ಹಳೆಯ ಬಡ್ಡಿಯಲ್ಲಿ ಕ್ರೀಡಾ ವಿಭಾಗಕ್ಕೆ ಉಳಿದ ಭಾಗ, ಹೊಸ ಪಾಲು ಎರಡೂ ಅದೇ ಟಿಕೆಟ್, ಅದೇ ದಾನಿಗಳಿಂದ ಬರಬೇಕು. ಸ್ಟೇಡಿಯಂಗೆ ದೇಣಿಗೆ ಕೊಡುತ್ತಿದ್ದವರನ್ನು ಈಗ ಆಟಗಾರರ ಹೆಸರಲ್ಲೂ ಕೇಳುತ್ತಿದ್ದಾರೆ. ಹತ್ತು ವರ್ಷದ ಹಿಂದಿನ ಅಂದಾಜಿನ ಮೇಲೆ ಮಾಡಿದ ಸಾಲಗಳಿಗೆ ಇದು ಕಷ್ಟದ ಕಾಲ.

ಕರ್ನಾಟಕದಲ್ಲಿ ನಾವು ಓದಿದ ಕಾಲೇಜಿನ ಮೈದಾನಕ್ಕೆ ಹೀಗೆ ಹಣ ಕೂಡಿಸಬಹುದಾ?

ಕೂಡಿಸಬಹುದು, ದಾರಿ ಬೇರೆ. ಭಾರತದ 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ 2% ಅನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ ಕೊಡಬೇಕು. ಗ್ರಾಮೀಣ ಕ್ರೀಡೆ, ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿ ಆ ಪಟ್ಟಿಯಲ್ಲಿದೆ. ಆದರೆ ಕಂಪನಿಯ ಪ್ರಚಾರಕ್ಕಾಗಿ ಮಾಡಿದ ಪ್ರಾಯೋಜಕತ್ವವನ್ನು ಸಿಎಸ್‌ಆರ್ ಲೆಕ್ಕಕ್ಕೆ ತೋರಿಸುವಂತಿಲ್ಲ. ಅಮೆರಿಕದ ತರಹ ಹೆಸರು ಮಾರಿ, ಅದನ್ನೇ ಸಿಎಸ್‌ಆರ್ ಅನ್ನಲು ಬರುವುದಿಲ್ಲ.

ಇಲ್ಲಿಂದ ಕಳಿಸುವವರು ಪಾಸ್‌ಪೋರ್ಟ್ ನೋಡಿಕೊಳ್ಳಿ. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ, ನಿಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಮೆರಿಕದ ಪ್ರಜೆಯಾಗಿದ್ದರೆ, ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ಕಾನೂನಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇದೆಯಾ ಎಂದು ಮೊದಲೇ ವಿಚಾರಿಸಿ. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಉತ್ಸಾಹದಿಂದ ಹಣ ಕೂಡಿಸಿದ ಮೇಲೆ ಇದು ಗೊತ್ತಾದರೆ ಎಲ್ಲರಿಗೂ ಪೇಚಾಟ.

ನಮ್ಮ ಮಕ್ಕಳ ವಿಶ್ವವಿದ್ಯಾಲಯದ ಲೆಕ್ಕ ಎಲ್ಲಿ ಸಿಗುತ್ತೆ?

ಕೂತಲ್ಲೇ ಸಿಗುತ್ತದೆ, ಸ್ವಲ್ಪ ತಾಳ್ಮೆ ಬೇಕು. ಬಾಂಡ್ ಹೊರಡಿಸಿದ್ದರೆ ಸಾಮಾನ್ಯವಾಗಿ ಅದರ ದಾಖಲೆ ಎಮ್ಮಾ ಎಂಬ ಸರ್ಕಾರಿ ಬಾಂಡ್‌ಗಳ ಜಾಲತಾಣದಲ್ಲಿ ಉಚಿತವಾಗಿ ಇರುತ್ತದೆ. ವಿಶ್ವವಿದ್ಯಾಲಯದ ಹೆಸರು ಹಾಕಿ ಹುಡುಕಿ, "ಸೆಕ್ಯುರಿಟಿ", ಅಂದರೆ ಸಾಲದ ಭದ್ರತೆ, ಅನ್ನುವ ಭಾಗ ಓದಿ. ಸಾಲಕ್ಕೆ ಯಾವ ಆದಾಯವನ್ನು ಒತ್ತೆ ಇಟ್ಟಿದ್ದಾರೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರಲೇಬೇಕು. ಪ್ರಕಟಣೆಯಲ್ಲಿ "ಖಾಸಗಿ" ಎಂದಿದ್ದು ಇಲ್ಲಿ "ವಿಶ್ವವಿದ್ಯಾಲಯದ ಒಟ್ಟು ಆದಾಯ" ಎಂದಿದ್ದರೆ, ಕೊನೆಗೆ ಹೊಣೆ ಯಾರದು ಎಂದು ಗೊತ್ತಾಯಿತಲ್ಲ.

ಸರ್ಕಾರಿ ವಿಶ್ವವಿದ್ಯಾಲಯವಾದರೆ ಕ್ರೀಡಾ ವಿಭಾಗ ಪ್ರತಿ ವರ್ಷ ಎನ್‌ಸಿಎಎಗೆ ಕೊಡುವ ಹಣಕಾಸು ವರದಿಯನ್ನು ಸಾರ್ವಜನಿಕ ದಾಖಲೆಗಳ ಕಾನೂನಿನಡಿ ಹೆಚ್ಚಿನ ರಾಜ್ಯಗಳಲ್ಲಿ ಯಾರು ಬೇಕಾದರೂ ಕೇಳಬಹುದು. ನಮ್ಮಲ್ಲಿ ಆರ್‌ಟಿಐ ಅರ್ಜಿ ಹಾಕುವ ಹಾಗೆಯೇ, ಒಂದು ಇ-ಮೇಲ್ ಸಾಕು. ಅದರಲ್ಲಿ ಸಾಲದ ಕಂತು ಎಷ್ಟು, ಕ್ಯಾಂಪಸ್ಸಿನಿಂದ ಬಂದ ನೆರವು ಎಷ್ಟು ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ದೇಣಿಗೆ ಎತ್ತುವ ಸಂಸ್ಥೆ ಬೇರೆಯಾಗಿದ್ದರೆ ಅದರ ತೆರಿಗೆ ವರದಿ, ಫಾರ್ಮ್ 990, ಕೂಡ ಬಹಿರಂಗ.

ಇಮೇಲ್ ಬರೆಯುವಾಗ ಮೂರೇ ವಿಷಯ ಕೇಳಿ. ಕೈಗೆ ಬಂದ ನಗದು ಎಷ್ಟು, ಪ್ಲೆಡ್ಜ್ ಎಷ್ಟು, ಬರಬಹುದು ಎಂದು ಅಂದಾಜು ಮಾಡಿದ್ದು ಎಷ್ಟು. ಮೂರಕ್ಕೂ ಬೇರೆ ಬೇರೆ ಅಂಕಿ ಕೊಡಿ ಎಂದು ಬರೆಯಿರಿ. ಒಟ್ಟು ಮೊತ್ತ ಮಾತ್ರ ಕಳಿಸಿದರೆ ಮತ್ತೊಮ್ಮೆ ಬರೆಯಿರಿ.